ಎಡಗೈಯಲ್ಲಿ ಕೊಟ್ಟ ಕೋಲು

ಅಮೆರಿಕದ ಮನ್ರೋ ಊರಿನ ನಮ್ಮ ಬೀದಿಯಲ್ಲಿ ಆಗಿನ್ನೂ ಬೇಲಿಗಳಿರಲಿಲ್ಲ. ಓಡಲು ಎಲ್ಲರ ಹಿತ್ತಿಲೂ ನಮ್ಮದೇ. ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಹುಡುಗಿ ಡೆನೀಸ್ ನನ್ನ ಗೆಳತಿ. ಹೈಸ್ಕೂಲಿನ ರಿಲೇ ತಂಡದಲ್ಲಿ ಕೊನೆಯ ಓಟ ಅವಳದು, ಅದಕ್ಕೆ ಮುಂಚಿನದು ನನ್ನದು. ಇದನ್ನು ಇವತ್ತಿಗೂ ಸಿಕ್ಕವರಿಗೆಲ್ಲ ಹೇಳುತ್ತೇನೆ. ಜಂಬವೇ, ಇರಲಿ.

ಆ ವಸಂತದಲ್ಲಿ ತೊಡೆ ಉಳುಕಿ ಅವಳಿಗೆ ನೂರು ಮೀಟರ್ ಓಟದ ಅರ್ಹತಾ ಸುತ್ತು ತಪ್ಪಿತ್ತು, ಉಳಿದದ್ದು ರಿಲೇ ಒಂದೇ. ಕೌಂಟಿ ಫೈನಲ್ಸ್‌ನಲ್ಲಿ ಅವಳನ್ನು ನೋಡಲೆಂದೇ ಕಾಲೇಜಿನ ಕೋಚ್ ಒಬ್ಬರು ಬರುವವರಿದ್ದರು. ನಮ್ಮ ತಂಡದ ಲೆಕ್ಕದಲ್ಲಿ ನಾನು ರಿಲೇ ಕೋಲನ್ನು ಎಡಗೈಯಲ್ಲಿ ಹಿಡಿದು ಓಡಿ, ಎಡಗೈಯಲ್ಲೇ ಅವಳಿಗೆ ಕೊಡಬೇಕು. ನಮ್ಮ ಮನೆಯಲ್ಲೋ, ಎಡಗೈಯಲ್ಲಿ ಸೌಟು ಕೊಟ್ಟರೂ ಅಮ್ಮ ಕೈಮೇಲೆ ಫಟ್ಟನೆ ಹೊಡೆಯುತ್ತಿದ್ದಳು. ಫೈನಲ್ಸ್‌ಗೆ ಎರಡು ವಾರ ಮುಂಚಿನ ಸ್ನೇಹಪಂದ್ಯದಲ್ಲಿ ಡೆನೀಸ್ ಹತ್ತಿರವಾದದ್ದೇ ತಡ, ನನಗೇ ತಿಳಿಯದೆ ಕೋಲು ಬಲಗೈಗೆ ಬದಲಾಗಿ, ಜಾರಿ ಬಿತ್ತು. ಸೋತೆವು.

ಅಂದು ಸಂಜೆ ಡೆನೀಸ್ ನಮ್ಮ ಮನೆಗೆ ಬಂದಳು. ಅಮ್ಮ ಚಿತ್ರಾನ್ನ ಕಲಸುತ್ತಿದ್ದಳು, ಮನೆಯೆಲ್ಲ ಇಂಗಿನ ಘಮ. ಡೆನೀಸ್ ಬೈಯಲಿಲ್ಲ, ಕೈ ಯಾಕೆ ಬದಲಿಸಿದೆ ಎಂದಷ್ಟೇ ಕೇಳಿದಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮನಿಗೆ ಅರ್ಥವಾಯಿತು. ಚಿತ್ರಾನ್ನದ ತಟ್ಟೆಯನ್ನು ನನ್ನ ಎಡಗೈಗೆ ಕೊಟ್ಟಳು.

"ಹಿಂಗೇ ಕೊಡೇ ಅವ್ಳಿಗೆ. ಫೈನಲ್ಸ್ ಮುಗಿಯೋವರ್ಗೂ ಈ ಮನೇಲಿ ಎಲ್ಲಾ ಎಡಗೈಲೇ."

ಎರಡು ವಾರ ಕಾಫಿ, ನೀರು, ಚಪಾತಿ ಎಲ್ಲವನ್ನೂ ಎಡಗೈಯಲ್ಲೇ ಕೊಟ್ಟೆ. ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು ಲೋಟ ಹಿಡಿಯುತ್ತಿದ್ದರು. ದೇವರ ಮನೆಗೆ ಮಾತ್ರ ವಿನಾಯಿತಿ.

ಫೈನಲ್ಸ್‌ನಲ್ಲಿ ಕೋಲು ಅವಳ ಅಂಗೈಗೆ ಸರಿಯಾಗಿ ಕೂತಿತು. ಡೆನೀಸ್ ಮೂವರನ್ನು ಹಿಂದೆ ಹಾಕಿ ಗೆದ್ದಳು. ಮಾರನೆಯ ದಿನವೇ ಅಮ್ಮ ಬಲಗೈಯ ಹಳೆಯ ಕಾಯಿದೆ ಮತ್ತೆ ಜಾರಿಗೆ ತಂದಳು, ಡೆನೀಸ್‌ಗೂ ಸೇರಿಸಿ.

ಆ ಕೋಚ್ ಅವಳನ್ನು ಕಾಲೇಜಿಗೆ ಕರೆದುಕೊಂಡರು. ಅಲ್ಲಿಂದ ದೇಶದ ತಂಡ, ಆಮೇಲೆ ಚಿನ್ನ. ಟಿವಿಯಲ್ಲಿ ಅವಳು ಹೂಗುಚ್ಛಕ್ಕೆ ಬಲಗೈ ಚಾಚಿದಾಗ ಅಮ್ಮ ಸೋಫಾದಿಂದ ಎದ್ದೇಬಿಟ್ಟಳು. "ನೋಡೇ, ಬಲಗೈ! ನಮ್ಮನೇಲಿ ಕಲ್ತಿದ್ದು."

ಈಗ ಬೀದಿ ತುಂಬ ಬೇಲಿ. ಅಮ್ಮ ಹೋಗಿ ಎರಡು ವರ್ಷವಾಯಿತು. ಓಟ ನಿಲ್ಲಿಸಿದ ಡೆನೀಸ್ ಮೊನ್ನೆ ಊಟಕ್ಕೆ ಬಂದಿದ್ದಳು. ನನ್ನ ಮಗಳು ಫೋನ್ ನೋಡುತ್ತಲೇ ಎಡಗೈಯಲ್ಲಿ ನೀರಿನ ಲೋಟ ಚಾಚಿದಳು. ನಾನು ಗಮನಿಸಿರಲೂ ಇಲ್ಲ. ಡೆನೀಸ್ ಲೋಟ ಮುಟ್ಟಲಿಲ್ಲ.

"ಅದರ್ ಹ್ಯಾಂಡ್, ಸ್ವೀಟಿ," ಎಂದು ಅವಳ ಬಲಗೈ ತೋರಿಸಿದಳು.

ಅಮ್ಮನ ಮಾತನ್ನು ನಾನು ಮರೆತಿದ್ದೆ, ಡೆನೀಸ್ ಮರೆತಿರಲಿಲ್ಲ.