ಲಾರಿ ಏರಿದ ಸೀಲು

ಹೋದ ವರ್ಷ ಹೊಸಪೇಟೆಯಲ್ಲಿ ನಮ್ಮಂಥ ಹೈಸ್ಕೂಲು ಟೀಚರುಗಳನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ಬ್ಲಾಕ್‌ಚೈನ್ ಎಂಬುದರ ಬಗ್ಗೆ ತರಬೇತಿ ಕೊಟ್ಟರು. ಫ್ಯಾನು ತಿರುಗುತ್ತಿರಲಿಲ್ಲ, ಮೈಕು ಕಿರುಚುತ್ತಿತ್ತು. ಈ ವಯಸ್ಸಿನಲ್ಲಿ ಇದೊಂದು ಕರ್ಮ ಎಂದು ಗೊಣಗುತ್ತಲೇ ಕೂತಿದ್ದೆ. ಪಾಠ ಹೇಳಲು ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಪಾಪ, ಚೆನ್ನಾಗಿಯೇ ಹೇಳಿದಳು. ಮುಂದೆ ಮಕ್ಕಳ ಮಾರ್ಕ್ಸ್ ಕಾರ್ಡು, ಟಿ.ಸಿ. ಯಾವುದೂ ಒಂದೇ ಬೀರುವಿನಲ್ಲಿ ಕೊಳೆಯುವುದಿಲ್ಲವಂತೆ. ಒಂದೇ ದಾಖಲೆ ಎಷ್ಟೋ ಊರುಗಳ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇರುತ್ತದಂತೆ. ಕೊಂಡಿಗೆ ಕೊಂಡಿ ಸಿಕ್ಕಿಸಿದ ಹಾಗೆ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಯಾರೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ, ಬಚ್ಚಿಡುವಂತಿಲ್ಲ. ಮಗು ಯಾವ ಊರಿಗೆ ಹೋದರೂ ಅಲ್ಲಿಯವರು ಆ ಕ್ಷಣದಲ್ಲೇ ನೋಡಿ ನಂಬಬಹುದು.

"ಒಂದು ಸರ್ಟಿಫಿಕೇಟಿಗೋಸ್ಕರ ಇನ್ನು ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ ಮೇಡಮ್," ಎಂದಳು ನನ್ನ ಕಡೆ ನೋಡಿ ನಗುತ್ತ.

ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ. ಈ ಮಾತು ಕೇಳಬೇಕಾಗಿದ್ದವಳು ನನ್ನ ತಂಗಿ, ಕೇಳಬೇಕಾಗಿದ್ದ ಕಾಲ ಅದಿರಿನ ಕಾಲ. ಆ ಕಾಲ ಕೈಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು.

ನಾನು ಟೀಚರ್ ಆಗಿದ್ದು ಬೇರೆ ಕೆಲಸ ಸಿಗದೆ. ನನ್ನ ತಂಗಿ ಹಾಗಲ್ಲ. ಅವಳು ಲಂಗ ಹಾಕುವ ವಯಸ್ಸಿನಿಂದಲೇ ಕಂಪ್ಲಿಯ ನಮ್ಮ ಓಣಿಯ ಮಕ್ಕಳನ್ನು ಸಾಲಾಗಿ ಕೂರಿಸಿ, ಗೋಡೆಗೆ ಬೆತ್ತ ಬಡಿದು ಮಗ್ಗಿ ಹೇಳಿಸುತ್ತಿದ್ದಳು. ಪಿಯುಸಿ ಮುಗಿದು ಡಿ.ಎಡ್. ಪಟ್ಟಿಯಲ್ಲಿ ಹೆಸರು ಬಂದಾಗ ಅವಳು ಅತ್ತೇಬಿಟ್ಟಳು. ಬಳ್ಳಾರಿಯಲ್ಲಿ ಕೌನ್ಸೆಲಿಂಗ್. ಮಾರ್ಕ್ಸ್ ಕಾರ್ಡು, ಟಿ.ಸಿ. ಎರಡನ್ನೂ ಮೇಜಿನ ಮೇಲೆ ಇಟ್ಟರೆ ಸೀಟು ಅವಳದು. ಇಡದಿದ್ದರೆ ಪಟ್ಟಿಯಲ್ಲಿ ಅವಳ ಹಿಂದಿದ್ದವರದು.

ಎರಡೂ ಅವಳ ಕಾಲೇಜಿನ ಬೀರುವಿನೊಳಗೆ ಇದ್ದವು. ಬೀರುವಿನ ಕೀಲಿ ಕ್ಲರ್ಕಿನ ಉಡಿದಾರದಲ್ಲಿತ್ತು. ಕ್ಲರ್ಕು ಎಲ್ಲಿದ್ದರೋ ದೇವರಿಗೇ ಗೊತ್ತು.

ಆಗ ನಮ್ಮ ಸೀಮೆಗೆಲ್ಲ ಕಬ್ಬಿಣದ ಅದಿರಿನ ಹುಚ್ಚು ಹಿಡಿದಿತ್ತು. ಬೀಡಾ ಅಂಗಡಿಯವನು, ಬಟ್ಟೆ ಹೊಲಿಯುವವನು, ಮದುವೆಗೆ ಶಾಮಿಯಾನ ಹಾಕುವವನು, ಎಲ್ಲರೂ ಸಾಲ ಎತ್ತಿ ಲಾರಿ ತಂದರು. ಎದುರು ಸಿಕ್ಕವರು ಆರಾಮ ಇದ್ದೀರಾ ಎಂದು ಕೇಳುವುದನ್ನೇ ಬಿಟ್ಟು, ಎಷ್ಟು ಟ್ರಿಪ್ ಆದವು ಎಂದು ಕೇಳುತ್ತಿದ್ದರು. ಗಾದಿಗನೂರಿನ ಕಡೆ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಅದಿರಿನ ಗುಡ್ಡೆಗಳು ಎದ್ದವು. ನಮ್ಮ ಕ್ಲರ್ಕು ತಾನೇನು ಕಮ್ಮಿ ಎಂದು ಒಂದು ಹಳೆ ಲಾರಿ ತಂದರು. ಮೊದಮೊದಲು ಒಂದು ಕಾಲು ಕಾಲೇಜಿನಲ್ಲಿ, ಒಂದು ಕಾಲು ಲಾರಿಯಲ್ಲಿ. ಆಮೇಲೆ ಎರಡೂ ಕಾಲು ಲಾರಿಯಲ್ಲೇ. ತಂಗಿ ಹೋದಾಗಲೆಲ್ಲ ಬರುವ ಸೋಮವಾರ ಬಾ ಎಂದು ಯಾರಾದರೂ ಹೇಳಿ ಕಳಿಸುತ್ತಿದ್ದರು.

ಕೌನ್ಸೆಲಿಂಗ್ ನಾಳೆ ಅನ್ನುವಾಗ ನಾನು ಸ್ಕೂಲಿಗೆ ರಜೆ ಹಾಕಿ ಕಂಪ್ಲಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಂತೆ. ಅವರು ಬೀರುವನ್ನು ಅದೇ ಮೊದಲ ಸಲ ನೋಡಿದವರ ಹಾಗೆ ನೋಡಿದರು.

"ಕೀಲಿ ನನ್ನ ಹತ್ರ ಇಲ್ಲಮ್ಮ."

"ಬೀಗ ಒಡೀರಿ ಸಾರ್."

"ಹಂಗ ಒಡಿಯಾಕ ಬರಂಗಿಲ್ಲ. ಮ್ಯಾಲಿಂದ ಪರ್ಮಿಷನ್ ಬೇಕು. ಅವ್ರು ಲಾರಿಗೆ ಹೊಸ ಟೈರು ಹಾಕ್ಸ್ಯಾರ, ಹಂಪಿಗೆ ಪೂಜಿ ಮಾಡಿಸಾಕ ಹೋಗ್ಯಾರ. ಜಲ್ದಿ ಹೋದ್ರ ಸಿಗ್ತಾರ ನೋಡ್ರಿ."

ಅಕ್ಕ ತಂಗಿ ಇಬ್ಬರೂ ಓಡಿದೆವು. ಕಮಲಾಪುರದವರೆಗೆ ಬಸ್ಸು, ಅಲ್ಲಿಂದ ಆಟೋ. ಹಂಪಿಯ ಬೀದಿಯಲ್ಲಿ ತೆಂಗಿನಕಾಯಿ ಮಾರುವ ಹೆಂಗಸನ್ನು ಲಾರಿ ಪೂಜೆಗೆ ಬಂದವರ ಬಗ್ಗೆ ಕೇಳಿದರೆ, ಅಯ್ಯೋ ಎಂದಳು. "ಈಗ ಹೋದ್ರಲ್ಲವ್ವಾ! ಗಾಲಿಗೆ ಕೊಟ್ಟ ನಿಂಬಿಹಣ್ಣು ಇನ್ನಾ ಹಸಿ ಐತಿ ನೋಡ್ರಿ. ಸಂಡೂರಿಗೆ ಲೋಡಿಗೆ ಹೋಗ್ತೀನಿ ಅಂದ್ರು." ರಸ್ತೆಯ ಮೇಲೆ ಅಪ್ಪಚ್ಚಿಯಾಗಿದ್ದ ನಿಂಬೆಹಣ್ಣನ್ನು ನೋಡುತ್ತ ನನ್ನ ತಂಗಿ ಅಲ್ಲೇ ನಿಂತುಬಿಟ್ಟಳು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಹೋದೆ.

ಹೊಸಪೇಟೆಯಿಂದ ಸಂಡೂರಿನ ರಸ್ತೆ ಹಿಡಿದ ಬಸ್ಸು ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಕಣ್ಣು ಹಾಯುವವರೆಗೂ ಲಾರಿ. ಗಿಡ, ಗುಡ್ಡ, ಮೈಲಿಗಲ್ಲು, ಮನುಷ್ಯರ ರೆಪ್ಪೆ ಎಲ್ಲ ಕೆಂಪು. ಇಳಿದು ಲಾರಿ ಸಾಲಿನ ಪಕ್ಕದಲ್ಲಿ ನಡೆದೆವು. ಚೆಂಡುಹೂವಿನ ಹಾರ ಬಾಡದೆ ಇರುವ ಲಾರಿ ಯಾವುದು ಎಂದು ಒಂದೊಂದರ ಮುಖ ನೋಡುತ್ತ ಹೋದೆವು. ಕೊನೆಗೆ ಸಿಕ್ಕಿತು. ಕ್ಲರ್ಕು ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು.

"ಏ, ಬರ್ರಿ ಟೀಚರ್, ಬರ್ರಿ! ಇಷ್ಟು ದೂರ ಯಾಕ ಬಂದ್ರಿ? ಮ್ಯಾಲ ಹತ್ತಿ ಕುಂದ್ರಿ, ಬಿಸಲು ಭಾಳ ಐತಿ."

ಕೆಟ್ಟ ಮನುಷ್ಯರಲ್ಲ ಅವರು. ನಮಗೂ ಮಿರ್ಚಿ ಕೊಟ್ಟರು, ನೀರು ಕೊಟ್ಟರು. ಅದೇ ನನಗೆ ಇನ್ನೂ ಸಿಟ್ಟು ಬರಿಸುವುದು. ಬೈದು ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿ ಕೊಡದ ಮನುಷ್ಯ.

"ಮೊದ್ಲು ಕೀಲಿ ಕೊಡ್ರಿ," ಎಂದೆ.

ಅವರು ಸೊಂಟ ಮುಟ್ಟಿಕೊಂಡರು. "ಕೊಡಾಕ ಬರಂಗಿಲ್ರೀ ಟೀಚರ್. ಸರ್ಕಾರದ ಕೀಲಿ. ನನ್ನ ಜವಾಬ್ದಾರಿ."

"ಸರ್ಕಾರದ ಕೀಲಿಗೆ ಲಾರ್ಯಾಗ ಏನ್ ಕೆಲಸರೀ?"

"ಮತ್ತ ಎಲ್ಲಿಡ್ಲಿ? ಕಾಲೇಜಿನಾಗ ಇಟ್ರ ಕಳವು ಆಗತೈತಿ."

ನಾನು ಹಣೆ ಹಣೆ ಚಚ್ಚಿಕೊಂಡೆ. ಹಾಗಾದರೆ ನೀವೇ ಬನ್ನಿ ಎಂದರೆ, ಪಕ್ಕದಲ್ಲಿದ್ದ ಡ್ರೈವರನ್ನು ತೋರಿಸಿದರು. "ನಾ ಇಳಿದ್ರ ಸಾಕು, ಇವ ಡೀಸೆಲ್ ತಗದು ಮಾರ್ತಾನ."

"ನನ್ನ ಮುಂದನ ಹೇಳ್ತಾರ ನೋಡ್ರಿ ಅಕ್ಕಾ," ಎಂದು ಡ್ರೈವರ್ ನಕ್ಕ. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ತಂಗಿ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. ನಾನು ಸೀರೆ ಎತ್ತಿ ಕಟ್ಟಿ ಆ ಲಾರಿ ಹತ್ತಿದೆ. "ಡೀಸೆಲ್ ನಾ ಕಾಯ್ತೀನಿ. ನೀವು ನಮ್ಮ ಹುಡುಗಿ ಜೋಡಿ ಕಂಪ್ಲಿಗೆ ಹೋಗಿ ಬೀರು ತಗದು ಬರ್ರಿ. ನಡೀರಿ!" ಕ್ಲರ್ಕು ಯೋಚನೆ ಮಾಡಿ, ಆಗಬಹುದು ಎಂದರು. ಹೊಸಪೇಟೆಯ ಕಡೆ ಹೊರಟಿದ್ದ ಒಂದು ಜೀಪು ಹತ್ತಿ ಇಬ್ಬರೂ ಹೋದರು.

ಸರ್ಕಾರಿ ಶಾಲೆಯ ಟೀಚರಾದ ನಾನು ಅದಿರು ಲಾರಿಯಲ್ಲಿ ಡೀಸೆಲ್ ಕಾಯುತ್ತ ಕೂತೆ. ಲಾರಿ ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು. ಮುಖಕ್ಕೆ ಮೆತ್ತಿದ ಧೂಳು ಒರೆಸಲು ಒಂದು ಬಟ್ಟೆ ಸಿಗುತ್ತದೇನೋ ಎಂದು ಎದುರಿಗಿದ್ದ ಡಬ್ಬಿಯ ಮುಚ್ಚಳ ತೆಗೆದೆ. ಊದುಬತ್ತಿ, ಬಾಚಣಿಗೆ, ಒಣಗಿದ ನಿಂಬೆಹಣ್ಣು. ಅವುಗಳ ನಡುವೆ ಒಂದು ಇಂಕ್ ಪ್ಯಾಡು, ಕಾಲೇಜಿನ ದುಂಡನೆಯ ಸೀಲು.

"ಇದೇನೋ ತಮ್ಮಾ ಇದು?"

"ಅದಾ? ಸಾಹೇಬ್ರು ಇಲ್ಲೇ ಠಸ್ಸೆ ಹೊಡೀತಾರಕ್ಕಾ. ಕಾಲೇಜಿಗೆ ಹೋದ್ರ ಸಿಗಂಗಿಲ್ಲಂತ ಮಂದಿ ಲಾರಿ ಹತ್ರನ ಬರ್ತಾರ."

ಅಲ್ಲಿ ಕಂಪ್ಲಿಯಲ್ಲಿ ಬೀರು ತೆರೆದಿರುತ್ತದೆ, ಪ್ರಿನ್ಸಿಪಾಲರು ಸಹಿ ಹಾಕಿರುತ್ತಾರೆ, ಇಲ್ಲಿ ಆ ಮನುಷ್ಯ ಮರೆತು ಹೋದ ಸೀಲು ನನ್ನ ಕೈಯಲ್ಲಿ! ನನ್ನ ಬಳಿ ಮೊಬೈಲ್ ಇರಲಿಲ್ಲ. ಡ್ರೈವರನ ಮೊಬೈಲಿಗೆ ಆ ಗುಡ್ಡಗಳ ನಡುವೆ ಸಿಗ್ನಲ್ ಇರಲಿಲ್ಲ. ಸೀಲು ಕರ್ಚೀಫಿನಲ್ಲಿ ಸುತ್ತಿಕೊಂಡು ಕೆಳಗೆ ಹಾರಿದೆ. "ಅಕ್ಕಾ, ಡೀಸೆಲ್ ಕಾಯೋರು ಯಾರು?" ಎಂದು ಅವನು ಕೂಗಿದ. "ಬೇಕಾದ್ರ ಕುಡಿದುಬಿಡಪ್ಪಾ!" ಎಂದೆ.

ಆದರೆ ಹೋಗುವುದು ಹೇಗೆ? ಅಷ್ಟರಲ್ಲಿ ಹಿಂದೆ ಎಲ್ಲೋ ಲಾರಿಯೊಂದು ಅಡ್ಡ ಬಿದ್ದು ಎರಡೂ ಕಡೆ ರಸ್ತೆ ಕಟ್ಟಿಹೋಗಿತ್ತು. ನಿಂತ ಬಸ್ಸೊಂದರಲ್ಲಿ ಕೂತು ಬೆಳಗು ಮಾಡಿದೆ. ಹೊಸಪೇಟೆ ಸೇರಿದಾಗ ಕಂಪ್ಲಿಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ, ತಂಗಿ ಬಳ್ಳಾರಿಗೆ ಹೊರಟಿರುತ್ತಾಳೆ ಎಂದು ನೇರ ಬಳ್ಳಾರಿ ಬಸ್ಸು ಹತ್ತಿದೆ. ಗಾದಿಗನೂರಿನ ಹತ್ತಿರ ಮತ್ತೆ ಲಾರಿ. ಅವತ್ತು ಆ ಅದಿರಿಗೆ ನಾನು ಹಾಕಿದ ಶಾಪ ತಟ್ಟಿದ್ದರೆ ಅದು ಅಂದೇ ಮುಗಿಯಬೇಕಿತ್ತು.

ಕೌನ್ಸೆಲಿಂಗ್ ಕಟ್ಟಡದ ಪಡಸಾಲೆಯಲ್ಲಿ ತಂಗಿ ಸೀಲಿಲ್ಲದ ಟಿ.ಸಿ. ಹಿಡಿದು ನಿಂತಿದ್ದಳು. ಅವಳ ಹೆಸರು ಕೂಗಿ ಆಗಿತ್ತು. ಊಟದ ಹೊತ್ತಿಗೆ ಮುಂಚೆ ಸೀಲು ಹಾಕಿಸಿಕೊಂಡು ಬಂದರೆ ನೋಡೋಣ ಎಂದು ಅಧಿಕಾರಿ ಪಕ್ಕಕ್ಕೆ ನಿಲ್ಲಿಸಿದ್ದರಂತೆ. ಊಟದ ಹೊತ್ತು ಇನ್ನೂ ಆಗಿರಲಿಲ್ಲ! ನಾನು ಅವಳ ಕೈಯಿಂದ ಟಿ.ಸಿ. ಕಿತ್ತುಕೊಂಡು ಒಳಗೆ ನುಗ್ಗಿ, ಅಧಿಕಾರಿಯ ಮೇಜಿನ ಮೇಲಿದ್ದ ಪ್ಯಾಡಿಗೇ ಸೀಲು ಅದ್ದಿ, ಅವರ ಕಣ್ಣೆದುರೇ ಠಪ್ಪಂತ ಒತ್ತಿದೆ. ಚೆನ್ನಾಗಿ ಮೂಡಿತು.

ಅಧಿಕಾರಿ ಕುರ್ಚಿಯಿಂದ ಎದ್ದು ನಿಂತರು. "ಏನ್ರೀ ಇದು? ಕಾಲೇಜಿನ ಸೀಲು ನಿಮ್ಮ ಕೈಯಾಗ ಹೆಂಗ ಬಂತು?"

"ಲಾರ್ಯಾಗ ಇತ್ತು ಸಾರ್."

ರೂಮಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಧಿಕಾರಿ ನಗಲಿಲ್ಲ. ಸೀಲೇ ಹಿಂಗಾದರೆ ಸಹಿ ಯಾರದೋ ಎಂದರು. ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದರು. ಕಾಲೇಜಿಗೆ ಫೋನ್ ಮಾಡಿ ಕೇಳ್ರಿ ಸಾರ್ ಎಂದು ಗೋಗರೆದೆ. ಮಾಡಿದರು. ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಕಾಲೇಜಿನಲ್ಲಿ ಫೋನು ಎತ್ತುವ ಕೆಲಸವೂ ಕ್ಲರ್ಕಿನದೇ. ಅವರು ಬೆಳಿಗ್ಗೆಯೇ ಲಾರಿ ಹುಡುಕಿಕೊಂಡು ಹೋಗಿದ್ದರು.

ಸೀಟು ಹಿಂದಿನವರಿಗೆ ಹೋಯಿತು. ಅಂಕ ನಿಜ, ಸಹಿ ನಿಜ, ಸೀಲು ನಿಜ, ಎದುರಿಗೆ ನಿಂತ ಹುಡುಗಿ ನಿಜ, ಆದರೂ ನಾವು ಕಳ್ಳರು! ಆಮೇಲೆ ಕಾಲೇಜಿನವರು ಹಳೆಯದನ್ನು ರದ್ದು ಮಾಡಿ ಹೊಸ ಟಿ.ಸಿ. ಬರೆದುಕೊಟ್ಟರು. ಆ ಕ್ಲರ್ಕು ಅವತ್ತು ಮಾತ್ರ ಭಾರಿ ನಿಯಮದ ಮನುಷ್ಯನಾಗಿ, ಕೊಟ್ಟ ದಿನದ ತಾರೀಖನ್ನೇ ಹಾಕಿದರು. ಕೌನ್ಸೆಲಿಂಗಿನ ಮರುದಿನದ ತಾರೀಖು, ಟಿ.ಸಿ. ತಡವಾಗಿ ತಂದಿದ್ದು ನಮ್ಮದೇ ತಪ್ಪು ಎನ್ನುವ ಹಾಗೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವ ಹೊತ್ತಿಗೆ ತಂಗಿ ಮದುವೆಯಾಗಿ ಎಮ್ಮಿಗನೂರಿಗೆ ಹೋಗಿದ್ದಳು. ಈಗಲೂ ಸಂಜೆ ಹೊತ್ತು ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಊರಿನವರು ಟೀಚರಕ್ಕ ಎನ್ನುತ್ತಾರೆ. ನಾನು ಅಲ್ಲಿದ್ದಾಗ ಹಾಗೆ ಕರೆದರೆ ಅವಳು ನನ್ನ ಕಡೆ ನೋಡುವುದಿಲ್ಲ.

ಇದೆಲ್ಲ ತಲೆಯಲ್ಲಿ ಕುದಿಯುತ್ತಿರುವಾಗ ತರಬೇತಿಯ ಆ ಹುಡುಗಿಯನ್ನು ಕೇಳಿದೆ. "ಎಲ್ಲಾ ಸರಿ. ಆ ದಾಖಲೆ ಒಳಗ ಹಾಕೋರು ಯಾರು?"

"ಪ್ರತಿ ಶಾಲೆಗೂ ಒಂದು ಡಿಜಿಟಲ್ ಕೀ ಕೊಡ್ತೀವಿ ಮೇಡಮ್. ಅದಿಲ್ಲದೆ ಏನೂ ಒಳಗೆ ಹೋಗಲ್ಲ. ಜವಾಬ್ದಾರಿ ಇರೋ ಒಬ್ಬರು ಇಟ್ಕೊಂಡಿರಬೇಕು."

ನನ್ನ ಪಕ್ಕದಲ್ಲೇ ಕೂತಿದ್ದ ನಮ್ಮ ಹೆಡ್‌ಮಾಸ್ಟರು ಆಕಳಿಸಿ ಹೇಳಿದರು. "ಕ್ಲರ್ಕ್ ಬಂದ ಮ್ಯಾಲ ಅವ್ರ ಹತ್ರ ಇರಲಿ ಬಿಡ್ರಿ. ನಮಗ ಇದೆಲ್ಲ ತಿಳಿಯಂಗಿಲ್ಲ."

"ಬ್ಯಾಡ!" ಎಂದು ನಾನು ಕೂಗಿದ್ದಕ್ಕೆ ಮೈಕು ಕೂಡ ಒಂದು ಕ್ಷಣ ಸುಮ್ಮನಾಯಿತು. ಆ ಹುಡುಗಿ ಗಾಬರಿಯಾಗಿ, ಮೂರು ಜನರಿಗೆ ಬೇರೆ ಬೇರೆ ಕೀ ಕೊಡಬಹುದು, ಯಾರಾದರೂ ಇಬ್ಬರು ಒಪ್ಪಿದರೆ ಸಾಕು, ಆ ವ್ಯವಸ್ಥೆಯೂ ಇದೆ ಎಂದಳು. ಅದೊಂದು ಮಾತಿಗೆ ನಾನು ಅವಳಿಗೆ ಕೈ ಮುಗಿಯುವವಳಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ಟರು, "ಮೂರು ಮಂದಿನ ಎಲ್ಲಿಂದ ತರೋಣ್ರೀ? ನಮ್ಮಲ್ಲಿ ಕ್ಲರ್ಕ್ ಪೋಸ್ಟನ ಖಾಲಿ ಐತಿ," ಎಂದರು. ಎಲ್ಲರೂ ನಕ್ಕು ಚಹಾಕ್ಕೆ ಎದ್ದರು.

ಸಂಜೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳ ಹಿಂದೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡಳು.

"ಅದರಾಗ ತಾರೀಖು ಬದ್ಲಿ ಮಾಡಾಕ ಬರತೈತೇನಕ್ಕಾ?"

"ಇಲ್ಲವ್ವಾ. ಒಂದ್ಸಲ ಒಳಗ ಹೋತಂದ್ರ ಯಾರಿಂದನೂ ಆಗಂಗಿಲ್ಲಂತ."

ಮಗ್ಗಿ ತಪ್ಪಿದ ಒಂದು ಮಗುವನ್ನು ತಿದ್ದಿ ಮತ್ತೆ ಫೋನಿಗೆ ಬಂದಳು.

"ಹಂಗಾದ್ರ ನನ್ನ ಟಿ.ಸಿ. ಅದರಾಗ ಹಾಕಿಸಬ್ಯಾಡ," ಎಂದಳು. "ಹಾಳಿ ಮ್ಯಾಲಿದ್ರ ಆ ತಾರೀಖನ್ನ ಒಂದಿನಾ ಗೆದ್ದಲಾದ್ರೂ ತಿಂತಾವ."