ನೀರಿಲ್ಲದ ಕೆರೆಯ ಅಂಕಿಗಳು

ಅವನು ನನಗೆ ಹೊಡೆದದ್ದು ಹೆಲ್ಮೆಟ್ಟಿನಿಂದ. ಎಡಗಣ್ಣಿನ ಮೇಲೆ, ಹುಬ್ಬಿನ ಮೂಳೆಗೆ. ತೆಂಗಿನಕಾಯಿ ಒಡೆದಂಥ ಸದ್ದಾಯಿತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಸದ್ದು ಕೇಳಿದ ನೆನಪು ನನಗಿಲ್ಲ. ರಕ್ತ ಕಣ್ಣಿಗೆ ಇಳಿದಾಗ ಬೆಚ್ಚಗಿತ್ತು, ಅಷ್ಟು ನೆನಪಿದೆ.

ಈ ಹೊಡೆದಾಟವನ್ನು ನಾನು ಐದಾರು ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವನೇ ಮೊದಲು ಕೈ ಎತ್ತಿದ, ನಾನು ತಡೆದುಕೊಂಡೆ, ಒಬ್ಬ ಹುಡುಗಿಯ ಪರವಾಗಿ ನಿಂತದ್ದಕ್ಕೆ ಪೆಟ್ಟು ತಿಂದೆ. ಕೇಳಿದವರು ನನ್ನ ಹಣೆಯ ಗಾಯ ನೋಡಿ ತಲೆದೂಗಿದರು. ಹೇಳಿ ಹೇಳಿ ಆ ನೆನಪಿಗೆ ಒಂದು ಹೊಳಪು ಬಂದಿದೆ. ಹೊಳಪು ಬಂದ ಯಾವ ನೆನಪನ್ನೂ ನಾನೀಗ ನಂಬುವುದಿಲ್ಲ. ಇನ್ನೊಮ್ಮೆ, ಮೊದಲಿನಿಂದ, ಒರಟಾಗಿಯೇ ಬರೆಯುತ್ತೇನೆ.

ಅವನೂ ನಾನೂ ಜೆ.ಪಿ. ನಗರದ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರುಗಳು. ಒಂದೇ ವರ್ಷ ಸೇರಿದವರು. ಕಾಲೇಜಿನದೊಂದು ಸಂಶೋಧನಾ ಪತ್ರಿಕೆ ವರ್ಷಕ್ಕೆರಡು ಸಲ ಬರುತ್ತದೆ. ಅದರ ಕಚೇರಿ ಜಯನಗರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲಿನ ಕೋಣೆ. ನಾನು ಅದರ ಸಹಾಯಕ ಸಂಪಾದಕ. ನಿವೃತ್ತ ಪ್ರಿನ್ಸಿಪಾಲರೊಬ್ಬರು ಪ್ರಧಾನ ಸಂಪಾದಕರು.

ಇಂಥ ಪತ್ರಿಕೆಗಳಲ್ಲಿ ಒಂದು ನಿಯಮವಿದೆ. ಲೇಖನ ಅಚ್ಚಾಗುವ ಮೊದಲು ವಿಷಯ ಬಲ್ಲ ಇನ್ನೊಬ್ಬರು ಅದನ್ನು ಓದಿ, ತಪ್ಪು ಒಪ್ಪು ಬರೆದು ಸಹಿ ಹಾಕಬೇಕು. ಅದಕ್ಕೆ ರಿವ್ಯೂ ಎನ್ನುತ್ತೇವೆ. ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ನಮ್ಮಲ್ಲಿ ಅದು ನಡೆಯುತ್ತಿದ್ದದ್ದು ಹೀಗೆ: ಶನಿವಾರ ಕ್ಲಾಸು ಮುಗಿಸಿ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದೆವು. ಅವನ ಲೇಖನದ ರಿವ್ಯೂ ಅವನೇ ಬರೆದು ತರುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ. ನನ್ನದನ್ನು ನಾನೇ ಬರೆದು ಒಯ್ಯುತ್ತಿದ್ದೆ, ಅವನು ಸಹಿ ಹಾಕುತ್ತಿದ್ದ. ಅನುಮಾನ ಬರಬಾರದೆಂದು ನಮ್ಮ ನಮ್ಮ ಲೇಖನಗಳಲ್ಲಿ ನಾವೇ ಎರಡು ಸಣ್ಣ ತಪ್ಪು ಹುಡುಕಿ ಬರೆದುಕೊಳ್ಳುತ್ತಿದ್ದೆವು.

"ಈ ಸಲ ಸ್ವಲ್ಪ ಜಾಸ್ತಿ ಬೈಕೊಂಡಿದೀನಿ ಗುರು," ಎನ್ನುತ್ತಿದ್ದ. "ಮೂರನೇ ಕೋಷ್ಟಕ ಅಸ್ಪಷ್ಟ ಅಂತ. ಓದಿ ನಂಗೇ ಬೇಜಾರಾಯ್ತು."

ನಾವು ನಗುತ್ತಿದ್ದೆವು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಅದನ್ನು ನೆನಪಿನಿಂದ ತೆಗೆದುಹಾಕಲು ಬಹಳ ಪ್ರಯತ್ನಪಟ್ಟಿದ್ದೇನೆ, ಆದ್ದರಿಂದ ಅದು ನಿಜವಿರಬೇಕು.

ಉತ್ತರಹಳ್ಳಿಯ ಆಚೆ, ನನ್ನ ಮನೆಯ ಹಿಂದೆ ಒಂದು ಕೆರೆ. ಅವನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಕೋಣನಕುಂಟೆಯಿಂದ ಸ್ಕೂಟರಿನಲ್ಲಿ ಬಂದು ಆ ಕೆರೆಯ ನೀರನ್ನು ಬಾಟಲಿಗಳಲ್ಲಿ ತುಂಬಿ ಒಯ್ಯುತ್ತಿದ್ದಳು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ಮೀನು ಬದುಕಬಲ್ಲದೇ ಎಂಬುದು ಅವಳ ಸಂಶೋಧನೆ. ಒಂದು ವರ್ಷ ಪೂರ್ತಿ ಅಳೆದಳು. ಮರುವರ್ಷದ ಬೇಸಿಗೆಗೆ, ಹೂಳೆತ್ತಲೆಂದು ಪಾಲಿಕೆಯವರು ಕೆರೆ ಒಡೆದರು.

ಹೂಳೆತ್ತುವುದು ಎನ್ನುವುದು ಮೃದುವಾದ ಮಾತು. ನಾನು ಮಹಡಿಯಿಂದ ನೋಡಿದ್ದು ಬೇರೆ. ಕೋಡಿ ಕಡಿದು ನೀರು ಬಿಟ್ಟರು. ಉಳಿದ ಕೆಸರಿನಲ್ಲಿ ಮೀನುಗಳು ಒದ್ದಾಡಿದವು, ಹದ್ದುಗಳು ಜೀವಂತವಾಗಿಯೇ ಹರಿದು ತಿಂದವು, ನಾಯಿಗಳು ಒಂದನ್ನೊಂದು ಕಚ್ಚಾಡಿದವು. ಆಮೇಲೆ ಜೆಸಿಬಿಗಳು ಇಳಿದು ನಾಲ್ಕು ತಿಂಗಳು ಆ ಹೊಟ್ಟೆಯನ್ನು ಬಗೆದವು. ನಮ್ಮ ಊಟದ ತಟ್ಟೆಯಲ್ಲೂ ಧೂಳು. ಹೆಂಡತಿ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದ್ದಳು.

ಕೆಲವು ತಿಂಗಳ ಮೇಲೆ ಅವನು ಒಂದು ಲೇಖನ ತಂದ. ಅದೇ ಕೆರೆ, ಎರಡು ವರ್ಷದ ಅಂಕಿಗಳು. ಎರಡನೆಯ ಬೇಸಿಗೆಯ ನಾಲ್ಕು ತಿಂಗಳೂ ನೀರಿನಲ್ಲಿ ಆಮ್ಲಜನಕ ಇಷ್ಟಿಷ್ಟು ಎಂದು ಅದರಲ್ಲಿತ್ತು. ಅವನಿದ್ದದ್ದು ಬಿ.ಟಿ.ಎಂ.ನಲ್ಲಿ. ಒಂದು ದಿನವೂ ಆ ಕೆರೆಯ ಕಡೆ ಬಂದವನಲ್ಲ. ಮೊದಲ ವರ್ಷದ ಅಂಕಿಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿರುಚಿ ಎರಡನೆಯ ವರ್ಷ ಮಾಡಿದ್ದ. ಲೇಖಕರೆಂದು ಮೊದಲು ತನ್ನ ಹೆಸರು, ಆಮೇಲೆ ಅವಳದು. ಅವಳನ್ನು ಕೇಳಿರಲಿಲ್ಲ. ಜೊತೆಗೆ ರಿವ್ಯೂ ತಂದಿದ್ದ. 'ಅಂಕಿಅಂಶಗಳು ನಂಬಲರ್ಹವಾಗಿವೆ' ಎಂದಿತ್ತು.

ನಾನು ಕಾಫಿ ಲೋಟ ಎಡಗೈಗೆ ತೆಗೆದುಕೊಂಡು ಸಹಿ ಹಾಕಿದೆ. ಅಂಗಿಯ ಕಾಲರಿನಲ್ಲಿ ಅದೇ ಕೆರೆಯ ಧೂಳು ಇನ್ನೂ ಇದ್ದಿರಬಹುದು. ಇಲ್ಲ, ಈ ಧೂಳನ್ನು ನಾನು ಈಗ ಸೇರಿಸಿದೆ. ಬಿಡಿ. ಲೇಖನದ ಮೊದಲ ಪುಟವನ್ನೂ ನಾನು ತಿರುವಿರಲಿಲ್ಲ.

ಲೇಖನ ಅಚ್ಚಾಗಿ ಕೆಲವು ತಿಂಗಳಾದ ಮೇಲೆ ಆ ಹುಡುಗಿ ನಮ್ಮ ಮನೆಗೆ ಬಂದಳು. ಕೂರು ಎಂದರೆ ಕೂರಲಿಲ್ಲ. ನೆಟ್ಟಗೆ ಮಹಡಿಗೆ ನಡೆದು ಕಟ್ಟೆಗೆ ಒರಗಿ ನಿಂತಳು.

"ಸಾರ್, ಹೋದ ಬೇಸಿಗೇಲಿ ಇಲ್ಲಿ ನೀರಿತ್ತಾ?"

"ಎಲ್ಲಮ್ಮ ನೀರು? ಜೆಸಿಬಿ ಓಡಾಡ್ತಿದ್ವು."

"ಹಂಗಾದ್ರೆ ಇದೇನು ಸಾರ್?" ಪತ್ರಿಕೆಯನ್ನು ನನ್ನ ಎದೆಗೆ ಒತ್ತಿ ಹಿಡಿದಳು. ಕೊಟ್ಟಳು ಎನ್ನಲಾರೆ, ತಿವಿದಳು.

ಅಲ್ಲೇ ನಿಂತು, ಮೊದಲ ಸಲ, ನಾನು ಆ ಲೇಖನ ಓದಿದೆ.

ಅವಳ ಕಷ್ಟ ಇದು. ಅವಳ ಪ್ರಬಂಧದಲ್ಲಿ 'ಎರಡನೆಯ ಬೇಸಿಗೆ ಕೆರೆ ಖಾಲಿ, ಮಾದರಿ ತೆಗೆದಿಲ್ಲ' ಎಂದು ನಿಜ ಬರೆದಿದ್ದಳು. ಅದೇ ಬೇಸಿಗೆಯ ಅಂಕಿಗಳು ಅವಳ ಹೆಸರಿನಲ್ಲಿ ಅಚ್ಚಾಗಿವೆ. ಹೊರಗಿನ ಪರೀಕ್ಷಕರು ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳು ಸುಳ್ಳುಗಾರ್ತಿ. ಇನ್ನು ಕೆಲವೇ ತಿಂಗಳಲ್ಲಿ ವೈವಾ, ಅವರ ಮುಂದೆ ಕೂತು ಉತ್ತರಿಸುವ ಮೌಖಿಕ ಪರೀಕ್ಷೆ. ಲೇಖನ ಹಿಂಪಡೆದರೆ ಸಾಲದು. ಸುಳ್ಳು ಅಂಕಿ ಕಟ್ಟಿದವರು ಯಾರು ಎಂದು ಪ್ರಕಟಣೆಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಇಬ್ಬರು ಲೇಖಕರಿಗೂ ಒಂದೇ ಮಸಿ, ಅವಳ ಐದು ವರ್ಷ ಮಣ್ಣುಪಾಲು.

"ರಿವ್ಯೂ ಮಾಡ್ದೋರು ಯಾರು ಸಾರ್?"

"ಅದು ಹೇಳೋ ಹಂಗಿಲ್ಲಮ್ಮ. ನಿಯಮ."

ಆ ನಿಯಮವನ್ನು ನಾನು ಪಾಲಿಸಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಪತ್ರಿಕೆಯ ಕೋಣೆಗೆ ಕರೆಸಿದೆ. ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡೇ ಬಂದ.

"ಮಗಾ, ಕೆರೆ ಲೇಖನ ವಾಪಸ್ ತಗೊಳ್ಬೇಕು," ಎಂದೆ. "ಅಂಕಿ ನೀನೇ ಹಾಕ್ಕೊಂಡಿದ್ದು ಅಂತ ಬರ್ಕೊಡು."

"ತಲೆ ಕೆಟ್ಟಿದೆಯೇನೋ? ಪ್ರಮೋಷನ್ ಇಂಟರ್‌ವ್ಯೂ ಇದೆ ನಂಗೆ."

"ಅವಳ ವೈವಾ ಇದೆ."

"ರೀಡಿಂಗ್ ತಗೊಳ್ಳೋದು ಅವಳ ಕೆಲ್ಸ. ತಪ್ಪಾಗಿದ್ರೆ ಅವಳದ್ದೇ ತಪ್ಪು. ಹಂಗೇ ಬರಿ."

ನಾನು ಜನರಿಗೆ ಹೇಳುವ ಕಥೆಯಲ್ಲಿ ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ನಿಜದಲ್ಲಿ ಬರಲಿಲ್ಲ. ಒಂದು ಕ್ಷಣ, ಹಾಗೂ ಬರೆಯಬಹುದಲ್ಲ ಎಂದೇ ಲೆಕ್ಕ ಹಾಕಿದೆ. ಅವನಿಗೆ ಅದು ನನ್ನ ಮುಖದಲ್ಲಿ ಕಂಡಿರಬೇಕು. ನಕ್ಕ.

"ಅಲ್ವೋ, ನಿನ್ ಮೂಗಿನ ಕೆಳಗೇ ಇತ್ತಲ್ಲೋ ಕೆರೆ. ದಿನಾ ಎದ್ದು ನೀನು ಅದರ ಮುಖಾನೇ ನೋಡ್ತಿದ್ದೆ. ಸಹಿ ಹಾಕಿದ್ದು ನಾನಾ ನೀನಾ?"

ಆಗ ಹೊಡೆದೆ. ಮೊದಲು ಹೊಡೆದದ್ದು ನಾನು. ಮೇಜಿನ ಮೇಲೆ ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸೇರಿಸಿ ಹೊಲಿದ ದಪ್ಪ ಸಂಪುಟವಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬಾಯಿಗೆ ಬೀಸಿದೆ. ತುಟಿ ಸೀಳಿತು. ಅವನು ಹೆಲ್ಮೆಟ್ ಬೀಸಿದ. ನಾನು ಬಾಗಿಲಿಗೆ ಕೈ ಊರಿದೆ, ಅವನು ಬಾಗಿಲನ್ನೇ ಒದ್ದ, ನನ್ನ ಬಲಗೈಯ ಎರಡು ಬೆರಳು ಸಂದಿಯಲ್ಲಿ ಸಿಕ್ಕವು. ಆ ಮುರಿತ ಮಾತ್ರ ನನಗೆ ಕೇಳಿಸಿತು. ಕಿರುಚಿದೆ. ಕಿರುಚುತ್ತಲೇ ಅವನ ಹೊಟ್ಟೆಗೆ ತಲೆಯಿಂದ ಗುದ್ದಿ ಬೀಳಿಸಿ, ಎದೆಯ ಮೇಲೆ ಮಂಡಿ ಊರಿ, ಸರಿ ಇದ್ದ ಕೈಯಿಂದ ಮುಖಕ್ಕೆ ಹೊಡೆದೆ. ಹೊಡೆಯುತ್ತಾ ಹೋದೆ. ಐವತ್ತು ದಾಟಿದ ಮೈಗೆ ಅದು ಹಿತವಾಗಿತ್ತು. ಈ ವಾಕ್ಯವನ್ನು ಎರಡು ಸಲ ಅಳಿಸಿ ಮತ್ತೆ ಬರೆದಿದ್ದೇನೆ.

ಬಿಡಿಸಿದ್ದು ಕೆಳಗಿನ ಜೆರಾಕ್ಸ್ ಅಂಗಡಿಯ ಆಂಟಿ. ನೆಲ ಒರೆಸುವ ಬಕೆಟ್ಟಿನ ನೀರನ್ನು ಇಬ್ಬರ ಮೇಲೂ ಸುರಿದರು.

"ಥೂ, ಮೇಷ್ಟ್ರುಗಳಾ ನೀವು? ನನ್ ಮಗಳನ್ನ ನಿಮ್ ಕಾಲೇಜಿಗೆ ಸೇರಿಸ್ಬೇಕು ಅಂತಿದ್ನಲ್ಲಪ್ಪ! ಏಳ್ರೀ ಮೇಲಕ್ಕೆ! ಏನ್ ಹೆಂಗಸಿನ ವಿಷ್ಯಾನಾ?"

"ಅಲ್ಲ ಆಂಟಿ," ಎಂದ ಅವನು, ರಕ್ತ ಉಗಿಯುತ್ತಾ. "ಕೆರೆ ವಿಷ್ಯ."

"ಸೈಟ್ ಗಲಾಟೆನಾ? ಹಂಗನ್ನಿ ಮತ್ತೆ," ಎಂದು ಅವರು ಖಾಲಿ ಬಕೆಟ್ ಎತ್ತಿಕೊಂಡು ಇಳಿದುಹೋದರು.

ಹುಬ್ಬಿಗೆ ಐದು ಹೊಲಿಗೆ, ಬೆರಳುಗಳಿಗೆ ಪಟ್ಟಿ. ಅವನಿಗೆ ಮುಂದಿನ ಹಲ್ಲು ಒಂದು ಹೋಯಿತು. ಸಂಜೆ ಪ್ರಧಾನ ಸಂಪಾದಕರು ಫೋನ್ ಮಾಡಿದರು. ಅವರ ದನಿಯಲ್ಲಿ ಗಾಬರಿಯೇ ಇರಲಿಲ್ಲ.

"ನೋಡಿ, ಅವರು ಸ್ಟೇಷನ್ನಿಗೆ ಹೋಗಲ್ಲವಂತೆ. ನೀವೂ ಹೋಗ್ಬೇಡಿ. 'ಲೇಖಕರ ಕೋರಿಕೆಯ ಮೇರೆಗೆ ಹಿಂಪಡೆಯಲಾಗಿದೆ' ಅಂತ ಒಂದು ಸಾಲು ಹಾಕಿ, ಮುಗೀತು. ಪತ್ರಿಕೆ ಮರ್ಯಾದೆ ಪ್ರಶ್ನೆ."

"ಆ ಹುಡುಗಿ ಗತಿ ಏನ್ ಸಾರ್?"

"ಅವಳೂ ಲೇಖಕಿನೇ ಅಲ್ವೇನ್ರೀ?"

ಎಡಗೈಯ ಒಂದೇ ಬೆರಳಿನಿಂದ ಆ ಒಂದು ಸಾಲನ್ನು ಟೈಪ್ ಮಾಡಿದೆ. ಚೆನ್ನಾಗಿತ್ತು. ಯಾರ ಕೈಗೂ ರಕ್ತ ಹತ್ತದ ವಾಕ್ಯ. ಇಡೀ ಒಂದು ದಿನ ಅದನ್ನು ಹಾಗೇ ಇಟ್ಟುಕೊಂಡಿದ್ದೆ.

ಆಮೇಲೆ ಏಕೆ ಅಳಿಸಿದೆ? ಅವಳ ನೆನಪಾಯಿತು, ಮನಸ್ಸು ಚುಚ್ಚಿತು ಎಂದು ಹೇಳಬಹುದು. ಸ್ವಲ್ಪ ಅದೂ ಇತ್ತೇನೋ. ಆದರೆ ಹೊಲಿಗೆ ಸೆಳೆಯುತ್ತಿತ್ತು, ಬೆರಳು ಸಿಡಿಯುತ್ತಿತ್ತು, ಅವನಿಗೆ ಇನ್ನೊಂದು ಏಟು ಕೊಡಬೇಕೆನ್ನಿಸುತ್ತಿತ್ತು. ನಿಜ ಬರೆದರೆ ಆ ಏಟು ಹೆಲ್ಮೆಟ್ಟಿಗಿಂತ ಜೋರಾಗಿ ಬೀಳುತ್ತದೆ ಎಂದು ಗೊತ್ತಿತ್ತು. ತೊಂದರೆ ಒಂದೇ, ಪೂರಾ ನಿಜ ಬರೆಯದೆ ಅವನಿಗೆ ಹೊಡೆಯಲು ಬರುತ್ತಿರಲಿಲ್ಲ. ಮೊದಲ ಲೇಖಕರು ಸುಳ್ಳು ಅಂಕಿಗಳನ್ನು ಕಟ್ಟಿದ್ದಾರೆ ಎಂದು ಬರೆದೆ. ರಿವ್ಯೂ ಕೂಡ ಅವರೇ ಬರೆದದ್ದು, ಸಹಾಯಕ ಸಂಪಾದಕ ಓದದೆ ಸಹಿ ಹಾಕಿದ್ದಾನೆ, ಆತನ ಮನೆ ಅದೇ ಕೆರೆಯ ದಡದಲ್ಲಿದೆ ಎಂದು ಬರೆದೆ. ಕೊನೆಗೆ, ಎರಡನೆಯ ಲೇಖಕಿಗೆ ಇದು ಯಾವುದೂ ತಿಳಿದಿರಲಿಲ್ಲ ಎಂದು.

ಅವಳನ್ನು ಕರೆಸಿ ಓದಲು ಕೊಟ್ಟೆ. ಧನ್ಯವಾದ ಹೇಳುತ್ತಾಳೆಂದು ಕಾದೆ. ಎರಡು ಸಲ ಓದಿದಳು.

"ಹಂಗಾದ್ರೆ ಓದದೆ ಸಹಿ ಹಾಕಿದ್ದು ನೀವಾ?"

"ಹೌದಮ್ಮ."

ಅವಳು ನನ್ನ ಹೊಲಿಗೆಯನ್ನು ನೋಡಿದಳು. ಇನ್ನೊಂದು ಹುಬ್ಬಿಗೂ ಅವಳೇ ಹೊಡೆಯುತ್ತಾಳೆ ಅನ್ನಿಸಿತು. ಹೊಡೆದಿದ್ದರೆ ಒಳ್ಳೆಯದಿತ್ತು.

"ಕೊನೇ ಸಾಲು ಸುಳ್ಳು ಸಾರ್. ಪತ್ರಿಕೆ ಬಂದ ದಿನಾನೇ ನೋಡಿದ್ದೆ. ಮೂರು ತಿಂಗಳು ಸುಮ್ಮನಿದ್ದೆ. ಗೈಡ್ ಸಹಿ ಇಲ್ದೆ ಪ್ರಬಂಧ ಸಲ್ಲಿಸೋಕಾಗಲ್ಲ. ಅವರೂ ಓದದೆ ಹಾಕಿದ್ರು. ಸಹಿ ಬಿದ್ದ ಮೇಲೇ ನಿಮ್ಮನೆಗೆ ಬಂದಿದ್ದು. ಅದನ್ನೂ ಬರೀರಿ."

"ಬೇಡಮ್ಮ. ನಿನಗೇ ತೊಂದರೆ. ಯಾರು ಕೇಳ್ತಾರೆ ಇದನ್ನೆಲ್ಲ?"

"ಯಾರು ಕೇಳ್ತಾರೆ ಅಂತಾನೇ ಅಲ್ವಾ ಸಾರ್ ನೀವೂ ಸಹಿ ಹಾಕಿದ್ದು?"

ನಾನು ಟೈಪ್ ಮಾಡುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಮುದ್ರಣಕ್ಕೆ ಕಡತ ಕಳಿಸುವುದು ನನ್ನದೇ ಕೆಲಸ. ಪ್ರಧಾನ ಸಂಪಾದಕರಿಗೆ ತೋರಿಸದೆ ಕಳಿಸಿದೆ. ಅದೂ ನಿಯಮದ ಪ್ರಕಾರ ತಪ್ಪು. ಸಂಚಿಕೆ ಬಂದ ವಾರ ಸಂಪಾದಕ ಮಂಡಳಿಯಿಂದ ನನ್ನನ್ನು ತೆಗೆದರು. ಅವನ ಇಂಟರ್‌ವ್ಯೂ ರದ್ದಾಯಿತು. ಸ್ಟಾಫ್ ರೂಮಿನಲ್ಲಿ ಈಗಲೂ ಎದುರುಬದುರು ಕೂರುತ್ತೇವೆ. ಹೊಸ ಹಲ್ಲು ಕಟ್ಟಿಸಿಕೊಂಡಿದ್ದಾನೆ, ಉಳಿದವಕ್ಕಿಂತ ಬಿಳಿ. ಅದನ್ನು ಮುರಿಯಬೇಕೆಂದು ಇನ್ನೂ ಕೈ ತುರಿಸುತ್ತದೆ.

ಅವಳ ವೈವಾ ಮುಂದಕ್ಕೆ ಹೋಗಿ, ಮತ್ತೆ ಹೋಗಿ, ಕೊನೆಗೊಂದು ದಿನ ನಡೆಯಿತು. ಮಧ್ಯಾಹ್ನ ಫೋನ್ ಮಾಡಿದಳು.

"ಪರೀಕ್ಷಕರು ಆ ಪ್ರಕಟಣೆ ಮೇಜಿನ ಮೇಲೇ ಇಟ್ಕೊಂಡಿದ್ರು ಸಾರ್. ಮೊದಲ್ನೇ ಪ್ರಶ್ನೇನೇ, ಮೂರು ತಿಂಗಳು ಯಾಕೆ ಸುಮ್ಮನಿದ್ರಿ ಅಂತ."

"ಏನಂದೆ?"

"ಭಯ ಆಗಿತ್ತು ಅಂದೆ."

"ಆಮೇಲೆ?"

"ಆಮೇಲೆ ಎರಡನೇ ಪ್ರಶ್ನೆ ಕೇಳಿದ್ರು. ನೀರಿನ ಬಗ್ಗೆ."