ಸೂತಕದ ದಿನಗಳ ಹೈಡ್ರೋಜನ್

ಗ್ರಾಫಿನ ಕೊನೆಯ ಚುಕ್ಕಿ ಸೊನ್ನೆಗಿಂತ ಉಗುರಿನ ಅಂಚಿನಷ್ಟು ಕೆಳಗಿತ್ತು. ನಾನು ಲೆಕ್ಕದಲ್ಲಿ ಕಟ್ಟಿದ್ದ, ಹೈಡ್ರೋಜನ್ ತುಂಬಿದ ಲೋಹದ ಹರಳು ಒಡೆಯದೆ ಉಳಿಯುತ್ತದೆ ಎಂದು ಅದರ ಅರ್ಥ. ಇದನ್ನು ಕುರಿತು ಬರೆದಿದ್ದ ಲೇಖನ ಪ್ರಕಟವಾಗದೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವಂತಿರಲಿಲ್ಲ. ಅದನ್ನು ಪತ್ರಿಕೆಗೆ ಕಳಿಸಬೇಕಿದ್ದ ವಾರವೇ ಭಾವಿಕೇರಿಯಲ್ಲಿ ಅಜ್ಜಿ ತೀರಿಕೊಂಡಳು.

ಊರಿಗೆ ಬಂದವಳು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಶೆಟಗೇರಿಯಿಂದ ಬಂದಿದ್ದ ಸೋದರತ್ತೆ ಪಕ್ಕದಲ್ಲಿ ಬಂದು ಕುಳಿತಳು.

"ಎಂತ ಮಾಡ್ತೆ?"

"ಒಂದು ಲೇಖನ ಕಳಸೂದಿತ್ತು, ಅತ್ತೆ."

"ಸೂತಕ ಕಳೀದೆ ಹೊಸದು ಎಂತದೂ ಕಳಸೂದು ಬ್ಯಾಡ. ನಿನ್ನ ಒಳ್ಳೇದಕ್ಕೇ ಹೇಳೂದು."

ಒಳಗಿನಿಂದ ಚಿಕ್ಕಪ್ಪ ಕೂಗಿದ: "ಕಂಪ್ಯೂಟರಿಗೂ ಸೂತಕ ಬಂತನೇ? ಹಂಗಾರೆ ನಮ್ಮಂಗೆ ಅದ್ಕೂ ಮೀನು ಬಂದ್ ಮಾಡು!"

"ನೀ ಸುಮ್ನಿರು ಮಾರಾಯ," ಎಂದಳು ಅತ್ತೆ.

ನಾನು ಇಂಥದನ್ನು ನಂಬುವವಳಲ್ಲ. ಆದರೆ ತಾಯಿಯನ್ನು ಕಳೆದುಕೊಂಡವಳ ಜೊತೆ ವಾದಿಸಲು ಮನಸ್ಸಾಗಲಿಲ್ಲ. ಸೂತಕ ಮುಗಿದ ಮೇಲೆ ಕಳಿಸೋಣವೆಂದು ಮಾರ್ಗದರ್ಶಕರಿಗೆ ಫೋನಿನಲ್ಲಿ ತಿಳಿಸಿದೆ.

ಲೇಖನ ಕಳಿಸುವಂತಿರಲಿಲ್ಲ, ಆದರೆ ಕೆಲಸಕ್ಕೆ ತಡೆ ಇರಲಿಲ್ಲ. ಮುಂದೆ ನೋಡೋಣವೆಂದು ಬಿಟ್ಟಿದ್ದ ಕಂಪನಗಳ ಲೆಕ್ಕವನ್ನು ಅಲ್ಲಿಂದಲೇ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಹಚ್ಚಿದೆ. ಮೊದಲಿನ ಲೆಕ್ಕದಲ್ಲಿ ಪರಮಾಣುಗಳು ತಂತಮ್ಮ ಜಾಗದಲ್ಲಿ ಅಲುಗದೆ ಕೂತಿವೆ ಎಂದು ಹಿಡಿದಿದ್ದೆವು. ಭಾರದ ಪರಮಾಣುಗಳಾದರೆ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಹೈಡ್ರೋಜನ್ ಎಲ್ಲಕ್ಕಿಂತ ಹಗುರ. ಎಷ್ಟೇ ತಣಿಸಿದರೂ ಅದು ನಡುಗುತ್ತಲೇ ಇರುತ್ತದೆ. ಆ ನಡುಕದ ಶಕ್ತಿಯನ್ನೂ ಕೂಡಿಸಬೇಕು.

ಸೂತಕದ ಕೊನೆಯ ದಿನ ಮಧ್ಯಾಹ್ನ ಉತ್ತರ ಬಂತು. ಚುಕ್ಕಿ ಸೊನ್ನೆಯನ್ನು ದಾಟಿ ಮೇಲೆ ಹೋಗಿತ್ತು. ನಡುಕವನ್ನು ಸೇರಿಸಿದರೆ ಆ ಹರಳಿಗೆ ಒಡೆದು ಬೇರೆಯಾಗುವುದೇ ಸುಲಭದ ದಾರಿ. ಎಲ್ಲಾದರೂ ತಪ್ಪಿರಬಹುದೆಂದು ಸಂಜೆಯವರೆಗೆ ಹುಡುಕಿದೆ; ಸಿಗಲಿಲ್ಲ. ಊಟಕ್ಕೆ ಕರೆದಾಗ ಎದ್ದು ಹೋಗಿ ಎಲ್ಲರ ಜೊತೆ ಕುಳಿತೆ.

ಮರುದಿನ ಬೆಳಿಗ್ಗೆ ಶುದ್ಧದ ಸ್ನಾನವಾದ ಮೇಲೆ ಅತ್ತೆ ತಾನಾಗಿಯೇ ಬಂದಳು. "ಈಗ ಕಳಸು ಮಗಾ. ಇನ್ನು ಎಂತ ತೊಂದ್ರೆ ಇಲ್ಲ."

"ಹೂಂ," ಎಂದೆ.

ಎರಡೂ ಗ್ರಾಫುಗಳನ್ನು ಮಾರ್ಗದರ್ಶಕರಿಗೆ ಕಳಿಸಿ, ಲೇಖನ ಕಳಿಸುವುದು ಬೇಡ, ಪ್ರಬಂಧಕ್ಕೆ ಇನ್ನೂ ಒಂದು ವರ್ಷ ಬೇಕಾದೀತು ಎಂದು ಬರೆದೆ. ಆಮೇಲೆ ಅತ್ತೆಯ ಚೀಲ ಹಿಡಿದುಕೊಂಡು ಹೋಗಿ, ಅವಳನ್ನು ಶೆಟಗೇರಿಯ ಬಸ್ಸು ಹತ್ತಿಸಿ ಬಂದೆ.